ಕಂಠೀರವದ ಬಳಿ ಪಂದ್ಯಪೂರ್ವ ಅಭಿಮಾನಿ ಕೂಟ: ಊಟ ಚೆನ್ನ, ಒಡನಾಟಕ್ಕೆ ಜಾಗವಿಲ್ಲ

ಅಮೆರಿಕನ್ ಫುಟ್‌ಬಾಲ್ ನೋಡುವವರು ಪಂದ್ಯಕ್ಕೆ ಹಲವು ಗಂಟೆ ಮೊದಲೇ ಕ್ರೀಡಾಂಗಣದ ಪಾರ್ಕಿಂಗ್ ಬಯಲಿಗೆ ಬಂದು, ವಾಹನದ ಹಿಂಬಾಗಿಲು ತೆರೆದು, ಅಲ್ಲೇ ಒಲೆ ಹೂಡಿ ಮಾಂಸ ಸುಟ್ಟು, ಅಕ್ಕಪಕ್ಕದವರಿಗೂ ಹಂಚಿ ಉಣ್ಣುತ್ತಾರೆ. ಟೈಲ್‌ಗೇಟಿಂಗ್ ಎಂಬ ಈ ಪದ್ಧತಿಯನ್ನು ಪಾನೀಯದ ಕಂಪನಿಯೊಂದು ನಮ್ಮ ಊರಿಗೂ ತರಲು ಹೊರಟಿದೆ. ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಪಂದ್ಯವಿದ್ದ ಸಂಜೆ, ಹತ್ತಿರದ ಖಾಸಗಿ ಅಂಗಳವನ್ನು ಬಾಡಿಗೆಗೆ ಹಿಡಿದು ಅದು ನಡೆಸಿದ ಕೂಟಕ್ಕೆ ತಲಾ 400 ರೂಪಾಯಿ ಕೊಟ್ಟು ಮನೆಮಂದಿಯೊಂದಿಗೆ ಹೋಗಿದ್ದೆ.

ಊಟದಲ್ಲಿ ಕೊರತೆ ಹೇಳುವಂತಿಲ್ಲ. ದೊನ್ನೆ ಬಿರಿಯಾನಿಯನ್ನು ಅಲ್ಲೇ ಹಂಡೆಯಲ್ಲಿ ದಮ್ ಕಟ್ಟಿ, ಮುಚ್ಚಳ ತೆಗೆದ ಕೂಡಲೇ ಬಡಿಸುತ್ತಿದ್ದರು. ಪುದೀನ, ಕೊತ್ತಂಬರಿಯ ಹಸಿರು ಹಿಡಿದ ಜೀರಾ ಸಾಂಬಾ ಅಕ್ಕಿ ಉದುರುದುರಾಗಿತ್ತು, ಮಾಂಸ ಮೂಳೆಯಿಂದ ತಾನಾಗಿ ಬಿಡುತ್ತಿತ್ತು. ಸಸ್ಯಾಹಾರಿಗಳಿಗೆ ಮೆಣಸಿನಕಾಯಿ ಬಜ್ಜಿ, ಮಸಾಲೆ ಮಂಡಕ್ಕಿ ಇದ್ದವು.

ಬೇಸರವಾದದ್ದು ಬಾಗಿಲಲ್ಲಿ. ಹೊರಗಿನ ತಿಂಡಿಗೆ ಪ್ರವೇಶವಿಲ್ಲವೆಂದು, ಒಂದು ಕುಟುಂಬ ತಂದಿದ್ದ ಚಿತ್ರಾನ್ನದ ಡಬ್ಬಿಯನ್ನು ಕಾವಲಿನವರು ಮೇಜಿನ ಕೆಳಗಿಟ್ಟು ಚೀಟಿ ಕೊಟ್ಟರು. ಹಂಚಿ ತಿನ್ನುವುದೇ ಜೀವಾಳವಾದ ಪದ್ಧತಿಗೆ ಇದಕ್ಕಿಂತ ದೊಡ್ಡ ಅಪಚಾರ ನನಗೆ ಕಾಣದು. ಒಳಗೆ ಪ್ರತಿ ಮಳಿಗೆಯಲ್ಲೂ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಮೊಬೈಲ್ ಸಂಖ್ಯೆ ಕೊಟ್ಟ ಮೇಲಷ್ಟೇ ದೊನ್ನೆ ಕೈಗೆ ಬರುತ್ತಿತ್ತು. ನಿರೂಪಕರು ಧ್ವನಿವರ್ಧಕದಲ್ಲಿ ಕಂಪನಿಯ ಹೆಸರನ್ನೇ ಮತ್ತೆ ಮತ್ತೆ ಕೂಗಿಸುತ್ತಿದ್ದುದರಿಂದ, ಮೂಲೆಯಲ್ಲಿ ಡ್ರಮ್ ಹಿಡಿದು ಹಾಡತೊಡಗಿದ್ದ ಹುಡುಗರು ಎರಡು ಸಾಲಿಗೇ ಸುಮ್ಮನಾದರು.

ಅಮೆರಿಕದಲ್ಲಿ ಗ್ರಿಲ್, ಐಸ್ ಪೆಟ್ಟಿಗೆ, ಮಡಚುವ ಕುರ್ಚಿ ಮಾಡುವ ಕಂಪನಿಗಳು ಈ ಆಚರಣೆಯೊಳಗೆ ಸಲೀಸಾಗಿ ಸೇರಿಕೊಂಡಿವೆ. ಜನ ತಾವೇ ಮಾಡುವ ಕೆಲಸಕ್ಕೆ ಬೇಕಾದ ಸಾಮಾನನ್ನು ಅವು ಒದಗಿಸುತ್ತವೆ. ಇಲ್ಲಿ ಕಂಪನಿಯೇ ಎಲ್ಲವನ್ನೂ ಮಾಡಿ, ಬಂದವರನ್ನು ಬರೀ ಗಿರಾಕಿಗಳನ್ನಾಗಿ ಕೂರಿಸಿತು. 2013ರಲ್ಲಿ ಕ್ಲಬ್ ಹುಟ್ಟಿದಾಗಿನಿಂದ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅದರ ಅಭಿಮಾನಿ ಬಳಗ ತನ್ನ ಹಾಡು, ಬಾವುಟಗಳನ್ನು ತಾನೇ ಕಟ್ಟಿಕೊಂಡು ಬಂದಿರುವ ಊರಿದು. ಅಭಿಮಾನವನ್ನು ಇಲ್ಲಿ ಯಾರೂ ಕಲಿಸಬೇಕಾಗಿಲ್ಲ. ಡಿಕ್ಕಿ ತೆರೆದು ಕೂರಲು ಕಂಠೀರವದ ಸುತ್ತ ಬಯಲೂ ಇಲ್ಲ, ಮೆಟ್ರೊ, ಬಸ್ಸು ಇಳಿದು ನಡೆದು ಬರುವವರು ಬಹಳ. ಅವರಿಗೆ ಕೂರಲು ಜಾಗ, ಕುಡಿಯುವ ನೀರು, ಚೀಲ ಇಡುವ ಕಪಾಟು, ಶುಚಿಯಾದ ಶೌಚಾಲಯ ಒದಗಿಸಿ, ಅದರ ಮೇಲೆ ಕಂಪನಿ ತನ್ನ ಹೆಸರನ್ನು ಎಷ್ಟು ದಪ್ಪಕ್ಷರದಲ್ಲಿ ಬರೆದುಕೊಂಡರೂ ಯಾರೂ ಬೇಡವೆನ್ನುವುದಿಲ್ಲ. ಅಂದು ಅಷ್ಟು ಜನಕ್ಕೆ ಇದ್ದದ್ದು ಎರಡೇ ಶೌಚಾಲಯ, ಕೈತೊಳೆಯಲು ಒಂದೇ ನಲ್ಲಿ.

ಬಿರಿಯಾನಿಗಾಗಿ ಹೋಗುವವರಿಗೆ 400 ರೂಪಾಯಿ ಹೆಚ್ಚೇನಲ್ಲ. ಆದರೆ ಮನೆಯ ಡಬ್ಬಿಯನ್ನು ಒಳಗೆ ಬಿಡುವವರೆಗೆ ಮಕ್ಕಳು, ಹಿರಿಯರನ್ನು ಕರೆದುಕೊಂಡು ಹೋಗಿರೆಂದು ನಾನು ಯಾರಿಗೂ ಹೇಳಲಾರೆ.