ಮೆಟ್ಟಿಲ ದಾರಿಯ ಸೆನ್ಸರ್ ದೀಪಗಳು: ಒಂದು ವರ್ಷದ ಬಳಕೆಯ ಅನುಭವ

ಡೊಂಬಿವಲಿಯ ನಮ್ಮ 7 ಮಹಡಿಯ ವಸತಿ ಸೊಸೈಟಿಯಲ್ಲಿ ಮಹಡಿಗೆ ಎರಡರಂತೆ 14 ಟ್ಯೂಬ್‌ಲೈಟ್‌ಗಳು, ಯಾರು ಓಡಾಡಲಿ ಬಿಡಲಿ, ಸಂಜೆ ಆರರಿಂದ ಬೆಳಗಿನ ಆರರವರೆಗೆ ಉರಿಯುತ್ತಿದ್ದವು. ಕಳೆದ ವರ್ಷ ಅವುಗಳ ಜಾಗದಲ್ಲಿ, ಯಾರಾದರೂ ಬಂದಾಗ ಮಾತ್ರ ಪೂರ್ತಿ ಬೆಳಗುವ ಸೆನ್ಸರ್‌ಯುಕ್ತ ಎಲ್‌ಇಡಿ ದೀಪಗಳನ್ನು ಹಾಕಿಸಿದೆವು. ಖರ್ಚಿಗೆ ತಕ್ಕ ವಸ್ತುವೆಂದೇ ನನ್ನ ಅಭಿಪ್ರಾಯ. ಆದರೆ ಸರಿಯಾದ ಬಗೆಯನ್ನು ಆರಿಸಿ, ಸರಿಯಾಗಿ ಹೊಂದಿಸಿಕೊಂಡರೆ ಮಾತ್ರ.

ಉಳಿತಾಯದ ಶ್ರೇಯಸ್ಸೆಲ್ಲ ಸೆನ್ಸರ್‌ನದಲ್ಲ. ಚೋಕ್ ಸೇರಿ ಸುಮಾರು 50 ವ್ಯಾಟ್ ಎಳೆಯುತ್ತಿದ್ದ ಹಳೆಯ ಟ್ಯೂಬ್‌ಗಳಿಗೆ ತಿಂಗಳಿಗೆ 250 ಯೂನಿಟ್ ಬೇಕಾಗುತ್ತಿತ್ತು. 20 ವ್ಯಾಟ್‌ನ ಸಾಮಾನ್ಯ ಎಲ್‌ಇಡಿ ಹಾಕಿದರೂ ಅದು 100ಕ್ಕೆ ಇಳಿಯುತ್ತದೆ. ರಾತ್ರಿಯಲ್ಲಿ 3 ಗಂಟೆ ಪೂರ್ತಿ ಬೆಳಕು, ಉಳಿದ 9 ಗಂಟೆ 4 ವ್ಯಾಟ್‌ನ ಮಂದ ಬೆಳಕು ಎಂದು ಲೆಕ್ಕ ಹಿಡಿದರೆ ಸೆನ್ಸರ್ ಅದನ್ನು 40 ಯೂನಿಟ್‌ಗೆ ತರುತ್ತದೆ. ಇನ್ನೂ ಹಳೆಯ ಟ್ಯೂಬ್‌ಗಳಿರುವ ಕಟ್ಟಡದವರು ಅವುಗಳಿಗೇ ಸೆನ್ಸರ್ ಜೋಡಿಸಬಾರದು, ಏಕೆಂದರೆ ಪದೇ ಪದೇ ಆರಿ ಹೊತ್ತಿದರೆ ಅವುಗಳ ಆಯಸ್ಸು ಕಡಿಮೆಯಾಗುತ್ತದೆ.

ಪ್ರಯೋಗಕ್ಕೆಂದು ಎರಡನೆಯ ಮಹಡಿಯಲ್ಲಿ ಮೊದಲು ಹಾಕಿದ್ದು ರೇಡಿಯೋ ಅಲೆಗಳನ್ನು ಹೊಮ್ಮಿಸಿ ಚಲನೆಯನ್ನು ಗುರುತಿಸುವ ಮೈಕ್ರೋವೇವ್ ಸೆನ್ಸರ್‌ನ ದೀಪ. ಅದರ ಅಲೆಗಳು ಮರದ ಬಾಗಿಲನ್ನೂ ತೆಳುಗೋಡೆಯನ್ನೂ ದಾಟುವುದರಿಂದ, ಮನೆಯೊಳಗೆ ಯಾರಾದರೂ ನೀರು ಕುಡಿಯಲು ಎದ್ದರೂ ಹೊರಗೆ ದೀಪ ಬೆಳಗುತ್ತಿತ್ತು. ಆದ್ದರಿಂದ ದೇಹದ ಶಾಖದ ಚಲನೆಯನ್ನು ಗುರುತಿಸುವ ಪಿಐಆರ್ ಸೆನ್ಸರ್‌ನ ದೀಪಗಳಿಗೆ ಬದಲಾಯಿಸಿದೆವು. ಇದಕ್ಕೂ ಮಿತಿಗಳಿವೆ: ಅಡ್ಡಲಾಗಿ ದಾಟುವವರನ್ನು ಬೇಗ ಗುರುತಿಸುವ ಇದು, ನೇರವಾಗಿ ತನ್ನತ್ತಲೇ ನಡೆದು ಬರುವವರನ್ನು ತಡವಾಗಿ ಗುರುತಿಸುತ್ತದೆ, ಸುತ್ತಲಿನ ಗಾಳಿಯೇ ಮೈಯ ಶಾಖದ ಹತ್ತಿರಕ್ಕೆ ಬರುವ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಅದರ ದೃಷ್ಟಿ ಇನ್ನಷ್ಟು ಮೊಟಕಾಗುತ್ತದೆ. ಪ್ಯಾಸೇಜಿನ ತುದಿಯಲ್ಲಿದ್ದ ದೀಪಗಳನ್ನು ಮೆಟ್ಟಿಲ ತಿರುವಿಗೆ ಸರಿಸಿದ ಮೇಲೆ ಈ ತೊಂದರೆ ಬಹುಮಟ್ಟಿಗೆ ನೀಗಿತು.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು, ಚಲನೆ ನಿಂತ ಮೇಲೆ ದೀಪ ಎಷ್ಟು ಹೊತ್ತು ಪೂರ್ತಿ ಬೆಳಗಬೇಕೆಂಬ ಸಮಯದ ಹೊಂದಾಣಿಕೆ. ದೀಪ ಕೂರಿಸಿದವರು ಅದನ್ನು 30 ಸೆಕೆಂಡಿಗೆ ಇಟ್ಟು ಹೋಗಿದ್ದರು. ಮಂಡಿನೋವಿರುವ ನನ್ನ ತಾಯಿ ಲಿಫ್ಟ್ ಕೆಟ್ಟ ಒಂದು ಸಂಜೆ ಮೆಟ್ಟಿಲ ನಡುವೆ ಸುಧಾರಿಸಿಕೊಳ್ಳಲು ನಿಂತಾಗ ಬೆಳಕು ತಗ್ಗಿತು. ಮಂದ ಬೆಳಕಾದರೂ ಉಳಿದಿದ್ದರಿಂದ ಅವರು ಕಂಬಿ ಹಿಡಿದು ನಿಲ್ಲಲು ಸಾಧ್ಯವಾಯಿತು. ಮರುದಿನವೇ ಎಲ್ಲ ದೀಪಗಳನ್ನೂ 90 ಸೆಕೆಂಡಿಗೆ ಬದಲಾಯಿಸಿದೆವು. ಪೂರ್ತಿ ಆರಿಹೋಗುವ ಬಗೆಯ ದೀಪ ಸ್ವಲ್ಪ ಅಗ್ಗವೆಂಬ ಕಾರಣಕ್ಕೆ ಅದನ್ನು ಮೆಟ್ಟಿಲಿಗೆ ದಯವಿಟ್ಟು ಹಾಕಿಸಬೇಡಿ.

ಸೆನ್ಸರ್ ದೀಪದೊಳಗೇ ಇರುವುದರಿಂದ ಒಂದು ಕೆಟ್ಟರೆ ಇಡೀ ದೀಪವನ್ನೇ ಬದಲಾಯಿಸಬೇಕಾಗುವುದು ಇದರ ನಿಜವಾದ ಕೊರತೆ. ವರ್ಷದಲ್ಲಿ ಹಾಗೆ ಎರಡು ದೀಪಗಳು ಹೋದವು.

ನೆಲಮಹಡಿಯಲ್ಲಿ ವಾಚ್‌ಮನ್ ಕೂರುವ ಜಾಗಕ್ಕೆ ಮಾತ್ರ ಸೆನ್ಸರ್ ಬೇಡವೆಂದು ಎಲ್ಲರೂ ಒಪ್ಪಿದೆವು. ಅಲುಗಾಡದೆ ಕುಳಿತವರನ್ನು ಪಿಐಆರ್ ಕಾಣಲಾರದು, ರಾತ್ರಿಯಿಡೀ ನಮಗಾಗಿ ಎಚ್ಚರವಿರುವವರು ಬೆಳಕಿಗಾಗಿ ಕೈ ಬೀಸುತ್ತ ಕೂರಬಾರದು. ಅಲ್ಲಿ 9 ವ್ಯಾಟ್‌ನ ಸಾದಾ ಬಲ್ಬೊಂದು ಬೆಳಗಿನವರೆಗೂ ಉರಿಯುತ್ತದೆ.