ಕಸದ ಘಟಕಕ್ಕೆ ಜಾಗ ಹುಡುಕಿಕೊಡುವ ಕನ್ಸಲ್ಟೆಂಟ್ ಸೇವೆ: ಕೊಟ್ಟ ಹಣಕ್ಕೆ ಸಿಗುವುದೇನು?

ಮಂಗಳೂರು, ಉಡುಪಿಯ ಸ್ಥಳೀಯ ಸಂಸ್ಥೆಗಳು ಕೊಳ್ಳುವ ಈ ಸೇವೆಯಲ್ಲಿ ನಕ್ಷೆಯ ಭಾಗ ಚೆನ್ನಾಗಿರುತ್ತದೆ. 2016ರ ಘನತ್ಯಾಜ್ಯ ನಿಯಮದಂತೆ (2026ರಲ್ಲಿ ಇದರ ಬದಲು ಹೊಸ ನಿಯಮ ಬಂದಿದೆ) ಕಸ ಹೂಳುವ ಭೂಭರ್ತಿ ಜಾಗ ನದಿಯಿಂದ 100 ಮೀಟರ್, ಕೆರೆ, ಮನೆ, ಹೆದ್ದಾರಿ, ಬಾವಿಗಳಿಂದ 200 ಮೀಟರ್ ದೂರವಿರಬೇಕಿತ್ತು. ಇಂಥ ದೂರಗಳನ್ನು ಉಪಗ್ರಹ ಚಿತ್ರದ ಮೇಲೆ ಎಳೆದು ಆರ್‌ಟಿಸಿ (ಪಹಣಿ) ಜೊತೆ ತಾಳೆ ನೋಡುವುದು ಕಷ್ಟದ ಕೆಲಸವಲ್ಲ.

ಎಡವುವುದು ನೆಲದಡಿಯಲ್ಲಿ. ನಮ್ಮ ಕರಾವಳಿಯ ಮುರಕಲ್ಲು (ಜಂಬಿಟ್ಟಿಗೆ) ತೂತುತೂತು, ನೀರು ಬೇಗ ಇಳಿಯುತ್ತದೆ. ಭೂಭರ್ತಿಯ ತಳದ ಜೇಡಿಪದರಕ್ಕಿಂತ ಅಂತರ್ಜಲ 2 ಮೀಟರ್ ಕೆಳಗಿರಬೇಕೆಂಬ 2016ರ ನಿಯಮ ಅನ್ವಯಿಸುತ್ತಿದ್ದುದು ವರ್ಷದ ಅತಿ ಎತ್ತರದ ಮಟ್ಟಕ್ಕೆ, ಅಂದರೆ ಆಟಿ-ಸೋಣದ (ಜುಲೈ-ಸೆಪ್ಟೆಂಬರ್) ಮಟ್ಟಕ್ಕೆ. ಏಪ್ರಿಲ್‌ನಲ್ಲಿ ಬೋರ್ ಹೊಡೆದು ಬರೆದ ಅಂಕಿ ಪ್ರಯೋಜನಕ್ಕೆ ಬಾರದು. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಪಕ್ಕದ ಮಂದಾರದ ಮನೆ, ತೋಟಗಳತ್ತ ಜಾರಿದ್ದೂ ಮಳೆಗಾಲದಲ್ಲೇ. ಇಳಿಜಾರಿನ ಲೆಕ್ಕವಿಲ್ಲದ ವರದಿಯನ್ನು ಖಂಡಿತ ಒಪ್ಪಬಾರದು.

ಕಾರ್ಯಾದೇಶದಲ್ಲೇ ಬರೆಯಿರಿ: ಒಂದು ಪೂರ್ಣ ಮಳೆಗಾಲ ಸುತ್ತಲಿನ ಬಾವಿಗಳ ಅಳತೆ, ಪ್ರತಿ ಜಾಗದಲ್ಲೂ ನೀರು ಇಂಗುವ ಪರೀಕ್ಷೆ, ಕಸದಿಂದ ಇಳಿಯುವ ಕೊಳಚೆ ನೀರು ಯಾವ ತೋಡಿಗೆ ಸೇರುತ್ತದೆಂಬ ನಕ್ಷೆ. ಕೊನೆಯ ಕಂತು ಇವು ಕೈಸೇರಿದ ಮೇಲೆ. ಗ್ರಾಮಸಭೆಗೆ ವರದಿಯ ಕನ್ನಡ ಪ್ರತಿ ಮೊದಲೇ ಸಿಗಲಿ. ಬಾವಿಯ ನೀರು ಕುಡಿಯುವವರು ಅವರೇ.