ಐಐಎಂ ಪ್ರವೇಶಕ್ಕೆ ಅಣಕು ಸಂದರ್ಶನ: ಜಯನಗರದ ತರಬೇತಿ ಕೇಂದ್ರವೊಂದರ ವಿಮರ್ಶೆ

ನವೆಂಬರ್ ಕೊನೆಯಲ್ಲಿ, ಎಂಬಿಎ ಕಲಿಸುವ ಐಐಎಂಗಳ (ಭಾರತೀಯ ನಿರ್ವಹಣಾ ಸಂಸ್ಥೆಗಳ) ಪ್ರವೇಶ ಪರೀಕ್ಷೆಯಾದ ಕ್ಯಾಟ್ ಮುಗಿದು ಫಲಿತಾಂಶ ಬರುವ ಹೊತ್ತಿಗೆ ಹತ್ತನೇ ತರಗತಿ, ಪಿಯುಸಿಯ ಅಂಕಗಳನ್ನಾಗಲಿ ಪರ್ಸೆಂಟೈಲನ್ನಾಗಲಿ (ಉಳಿದ ಅಭ್ಯರ್ಥಿಗಳಿಗೆ ಹೋಲಿಸಿದರೆ ಕ್ಯಾಟ್‌ನಲ್ಲಿ ಸಿಕ್ಕ ಸ್ಥಾನ) ಬದಲಾಯಿಸಲು ಬರುವುದಿಲ್ಲ. ಐಐಎಂಗಳಿಂದ ಕರೆ ಬಂದವರ ಕೈಯಲ್ಲಿ ಉಳಿಯುವುದು ಸಂದರ್ಶನ, ಮತ್ತು ಹಲವೆಡೆ ಅದರ ಜೊತೆಗಿರುವ ಕಿರು ಬರವಣಿಗೆಯ ಪರೀಕ್ಷೆ, ಇಷ್ಟೇ. ಆದ್ದರಿಂದಲೇ ಜಯನಗರದ ಈ ಕೇಂದ್ರದಲ್ಲಿ 4,500 ರೂಪಾಯಿ ಕಟ್ಟಿ ಸಂದರ್ಶನದ ತರಬೇತಿಗೆ ಸೇರಿಕೊಂಡೆ.

ಮೊದಲಿಗೆ ಸಾಮೂಹಿಕ ತರಗತಿ. ಅದು ನಿರಾಸೆ ತಂದಿತು. 'ನಿಮ್ಮ ದೌರ್ಬಲ್ಯವೇನು' ಎಂಬ ಪ್ರಶ್ನೆಗೆ ಸಿದ್ಧ ಉತ್ತರಗಳನ್ನು ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿದರು: ಎಲ್ಲವೂ ಪರಿಪೂರ್ಣವಾಗಿರಬೇಕೆಂಬ ಹಠ, ಕೆಲಸಕ್ಕೆ ಕುಳಿತರೆ ಹೊತ್ತಿನ ಪರಿವೆಯೇ ಇಲ್ಲದಿರುವುದು, ಯಾರಿಗೂ 'ಆಗುವುದಿಲ್ಲ' ಎನ್ನಲಾರದ ಸ್ವಭಾವ. ಬೆಳಗಿನಿಂದ ಸಂಜೆಯವರೆಗೆ ಅಭ್ಯರ್ಥಿಗಳನ್ನು ಮಾತನಾಡಿಸುವ ಪ್ರಾಧ್ಯಾಪಕರಿಗೆ ಇವೆಲ್ಲ ದೌರ್ಬಲ್ಯದ ವೇಷ ತೊಟ್ಟ ಆತ್ಮಪ್ರಶಂಸೆಯೆಂದು ತಿಳಿಯದೆ ಇರದು. ಅದೇ ಹಾಳೆಯಲ್ಲಿ 'ಇಂಗ್ಲಿಷ್ ಮಾತನಾಡುವ ಅಳುಕನ್ನು ಎಂದಿಗೂ ಹೇಳಬಾರದು' ಎಂಬ ಸೂಚನೆಯೂ ಇತ್ತು.

ಅಣಕು ಸಂದರ್ಶನ ಮಾತ್ರ ಬೇರೆಯೇ ಮಟ್ಟದ್ದು. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮತ್ತು ಕಾಲೇಜು ಅಧ್ಯಾಪಕಿಯೊಬ್ಬರು ಪ್ರಶ್ನೆ ಕೇಳುತ್ತಾರೆ. ಅಭ್ಯರ್ಥಿ ಒಪ್ಪಿದರೆ ಉಳಿದವರು ಹಿಂದೆ ಕುಳಿತು ನೋಡಬಹುದು. ಹಾಸನದ ಕಡೆಯ ಒಬ್ಬ ಬಿ.ಕಾಂ. ಪದವೀಧರೆ, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ಹಾಳೆಯಲ್ಲಿದ್ದಂತೆಯೇ ಪರಿಪೂರ್ಣತೆಯ ಉತ್ತರ ಕೊಟ್ಟರು. "ಆ ಹಠದಿಂದ ಕೆಲಸ ಕೆಟ್ಟ ಒಂದು ಸಂದರ್ಭ ಹೇಳಮ್ಮಾ" ಎಂದು ಹಿರಿಯರು ಮೆಲ್ಲಗೆ ಕೇಳಿದಾಗ ಅವರಲ್ಲಿ ಹೇಳಲು ಏನೂ ಇರಲಿಲ್ಲ. ಆಮೇಲೆ ಹಿರಿಯರು ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದಂತೆ ನಿಜವಾದ ಸಂಗತಿ ಹೊರಬಂತು: ಕಚೇರಿಯ ಸಭೆಗಳಲ್ಲಿ ವಿಷಯ ಹೊಳೆದರೂ ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯ ಕಟ್ಟಿ ಮುಗಿಸುವಷ್ಟರಲ್ಲಿ ಚರ್ಚೆ ಮುಂದೆ ಹೋಗಿರುತ್ತದೆ, ಅದಕ್ಕಾಗಿ ಈಚೆಗೆ ಅವರು ಸಭೆಗೆ ಮುಂಚೆಯೇ ಎರಡು ಅಂಶ ಬರೆದುಕೊಂಡು, ಆರಂಭದಲ್ಲೇ ಒಂದನ್ನಾದರೂ ಹೇಳಿಬಿಡುತ್ತಾರೆ. ಅಧ್ಯಾಪಕಿ ತಕ್ಷಣ, "ಇದನ್ನೇ ಹೇಳಿ, ಇದಕ್ಕಿಂತ ಒಂದು ಮಾತೂ ಹೆಚ್ಚು ಬೇಡ" ಎಂದರು.

ಈ ಸೇವೆಯ ಬೆಲೆಯಿರುವುದು ಇಲ್ಲಿಯೇ ಎಂದು ನನ್ನ ದೃಢವಾದ ಅಭಿಪ್ರಾಯ. ದೌರ್ಬಲ್ಯದ ಕುರಿತ ಉತ್ತರವನ್ನು ಅಳೆಯುವುದು ಅದರ ಬೆನ್ನಿಗೇ ಬರುವ ಎರಡನೆಯ, ಮೂರನೆಯ ಪ್ರಶ್ನೆ; ಸ್ವಂತ ಅನುಭವದಿಂದ ಬಂದ ಉತ್ತರಕ್ಕೆ ಘಟನೆ, ಅದರಿಂದಾದ ತೊಂದರೆ, ಈಗ ನಡೆಯುತ್ತಿರುವ ಪ್ರಯತ್ನ ಮೂರೂ ತಾನಾಗಿಯೇ ಒದಗುತ್ತವೆ, ಕಂಠಪಾಠದ ಉತ್ತರಕ್ಕೆ ಒದಗುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದವರಿಗೆ ತಮ್ಮ ಅಳುಕನ್ನು ಮುಚ್ಚಿಡಿ ಎಂದು ಕಲಿಸುವುದು ತಪ್ಪು ಮಾತ್ರವಲ್ಲ, ಅನ್ಯಾಯವೂ ಹೌದು. ಕೇಂದ್ರದವರು ಆ ಹಾಳೆಯನ್ನು ಹಿಂತೆಗೆದುಕೊಳ್ಳಬೇಕು.

ಸಂದರ್ಶನದ ವಿಡಿಯೊ ಕೈಸೇರಲು ತಡವಾಗುತ್ತದೆ, ಕೊಠಡಿಗೆ ರಸ್ತೆಯ ಸದ್ದು ನುಗ್ಗುತ್ತದೆ. ಸಾಮೂಹಿಕ ತರಗತಿಯನ್ನು ಬಿಟ್ಟು ಅಣಕು ಸಂದರ್ಶನಕ್ಕಷ್ಟೇ ಹಣ ಕಟ್ಟುವ ಅವಕಾಶವೂ ಇದೆ. ನಾನು ಸೂಚಿಸುವುದು ಅದನ್ನೇ. ಹೆಸರು ನೋಂದಾಯಿಸುವಾಗ ಪ್ರಶ್ನೆ ಕೇಳಲು ಆ ಬ್ಯಾಂಕ್ ಅಧಿಕಾರಿ, ಅಧ್ಯಾಪಕಿ ಇಬ್ಬರೇ ಇರುತ್ತಾರೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಫೆಬ್ರವರಿಯಲ್ಲಿ ಅವರ ಸಮಯ ಸಿಗುವುದು ಕಷ್ಟ.